ಕರೆಯದೆ ಬಂದ ಅತ್ತಿಗೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯ ಮದುವೆಗೆ ಅರಿಸಿನ ಕುಟ್ಟಿದರು. ಮದುಮಗಳು ನನ್ನ ಅಣ್ಣನ ಮಗಳು. ಅವಳ ತಾಯಿ ಪ್ಲೇಗಿನ ವರ್ಷ ಊರು ಬಿಟ್ಟು ಇಲವಾಲದ ರಸ್ತೆಯಲ್ಲಿ ಹಾಕಿಕೊಂಡಿದ್ದ ಗುಡಿಸಲಿನಲ್ಲಿ ತೀರಿಕೊಂಡರು. ಮುತ್ತೈದೆಯಾಗಿ ಹೋದವರನ್ನು ಸೀರೆಯಿಟ್ಟು ಕರೆದ ಮೇಲೆಯೇ ಒನಕೆ ಮುಟ್ಟುವುದು ನಮ್ಮ ಪದ್ಧತಿ. ಈ ಮನೆಯ ಒಂದು ಮದುವೆಯಲ್ಲೂ ಅದನ್ನು ಬಿಟ್ಟದ್ದು ನಾನು ಕಾಣೆ.

ಇವತ್ತು ಸೀರೆಯನ್ನೇ ಇಟ್ಟಿರಲಿಲ್ಲ. ಯಾಕೆಂದು ಕೇಳಿದರೆ ಅಣ್ಣನ ಎರಡನೆಯ ಹೆಂಡತಿ, "ಶುಭಕಾರ್ಯಕ್ಕೆ ಸತ್ತೋರ್ನ ಯಾಕೆ ಕರೀಬೇಕು? ನೀವು ಚಪ್ಪರ ನೋಡ್ಕೊಳಿ ಹೋಗಿ" ಎಂದರು. ಅಣ್ಣ ತಲೆಯೆತ್ತದೆ ಬಾಳೆಕಂಬ ಕಟ್ಟುತ್ತಿದ್ದ.

ನಾನು ಸಿಟ್ಟಿನಿಂದ ಜಗುಲಿಯಲ್ಲಿ ಕೂತೆ. ಒಳಗೆ ಹೆಂಗಸರು ಹಾಡುತ್ತ ಕುಟ್ಟುತ್ತಿದ್ದರು. ನಡುವೆ ಒಂದು ಹಳೆಯ ನುಡಿ ಬಂತು. ಅದು ತೀರಿಕೊಂಡ ಅತ್ತಿಗೆ ತವರಿನಿಂದ ತಂದದ್ದು, ಬೇರೆ ಯಾರಿಗೂ ಬಾರದು. ಒನಕೆಗಳು ನಿಂತವು. ಹಾಡು ಮಾತ್ರ ಆ ನುಡಿ ಮುಗಿಯುವವರೆಗೆ ನಿಲ್ಲಲಿಲ್ಲ.

"ಯಾರಮ್ಮ ಹೇಳಿದ್ದು?"

"ನಾನಲ್ಲ ಕಣಮ್ಮ."

"ಮಗು, ನೀನಾ?"

"ನಂಗೆಲ್ಲಿ ಬರತ್ತೆ ಚಿಕ್ಕಮ್ಮ? ಅಮ್ಮ ಹೋದಾಗ ನಾನು ತೊಟ್ಟಿಲಲ್ಲಿದ್ದೆ."

ಈಗ ದೇವರ ಮನೆಯಲ್ಲಿ ಹೊಸ ಸೀರೆ ಇದೆ. ಇಟ್ಟವರು ಬೆಳಿಗ್ಗೆ ಬೇಡವೆಂದಿದ್ದ ಆ ಚಿಕ್ಕಮ್ಮನೇ. ಕರೆದರೂ ಕೆಲಸಕ್ಕೆ ಬಾರದ ನೆಂಟರು ಮೈಸೂರಿನ ತುಂಬ ಇದ್ದಾರೆ. ಕರೆಯದಿದ್ದರೂ ಬಂದು ಕೈಜೋಡಿಸಿದವರು ತೀರಿಕೊಂಡ ಅತ್ತಿಗೆಯೊಬ್ಬರೇ.