ಆಲೂಗಡ್ಡೆಯ ಮೇಲಿನ ಹಳದಿ ಗೊಜ್ಜು

ನನ್ನ ಮಗಳಿಗೆ ಶೇಂಗಾ ಆಗದು. ಒಂದು ಚೂರು ಬಾಯಿಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಧಾರವಾಡದ ನಮ್ಮ ಮನೆತನದಲ್ಲಿ ಇದು ಹುಟ್ಟಬಾರದ ರೋಗ. ಶೇಂಗಾ ಇಲ್ಲದೆ ನಮಗೆ ಒಲೆಯೇ ಹೊತ್ತುವುದಿಲ್ಲ. ಹಾಗಾಗಿ ನಾವೀಗ ಇರುವ ಪರದೇಶದ ಊರು ಸಮರ್‌ಸೆಟ್‌ನ ಕನ್ನಡದವರ ಮನೆಗಳಲ್ಲಿ ಪುಳಿಯೋಗರೆ, ಅವಲಕ್ಕಿ, ಚಟ್ನಿಪುಡಿ ಯಾವುದನ್ನೂ ನಾನು ವಿಚಾರಣೆ ಮಾಡದೆ ಬಿಡುವುದಿಲ್ಲ. "ಬಂದ್ರಪ್ಪಾ ಇನ್ಸ್‌ಪೆಕ್ಟರ್ರು" ಎಂದು ಮೈಸೂರಿನ ಆಂಟಿಯೊಬ್ಬರು ನಗುತ್ತಾರೆ. ನಗಲಿ. ಆ ಊದಿದ ತುಟಿಯನ್ನು ಅವರು ನೋಡಿಲ್ಲ.

ಪಕ್ಕದ ಮನೆಯಾಕೆ ಪೆರು ದೇಶದವಳು. ಕರವಸ್ತ್ರ ಬೀಸುತ್ತ ಬರಿಗಾಲಲ್ಲಿ ಕುಣಿಯುವ ಮರಿನೇರಾ ಎಂಬ ತನ್ನ ನಾಡಿನ ನೃತ್ಯವನ್ನು ಚಳಿಗಾಲವೆಲ್ಲ ತನ್ನ ಬೇಸ್‌ಮೆಂಟಿನಲ್ಲಿ ನನ್ನ ಮಗಳಿಗೆ ಕಲಿಸಿದಳು. ಜುಲೈ ಕೊನೆಗೆ ಅವರ ಸ್ವಾತಂತ್ರ್ಯದ ಹಬ್ಬ. ಪಾರ್ಕಿನ ತುಂಬ ಕೆಂಪು ಬಿಳಿ ಬಾವುಟ, ಇದ್ದಿಲ ಹೊಗೆ, ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಾರಿಸುವ ವಾದ್ಯಗಾರ. ಮಗಳು ಬಿಳಿ ಲಂಗ ಹರಡಿ ಕುಣಿದಳು. ಜನ ಚಪ್ಪಾಳೆ ತಟ್ಟಿದಾಗ ನಾನು ಹಿಗ್ಗಿ ಹೋದೆ.

ಆಮೇಲೆ ಊಟ. ಒಂದು ಕಡೆ ದನದ ಹೃದಯವನ್ನು ಕಡ್ಡಿಗೆ ಚುಚ್ಚಿ ಸುಡುತ್ತಿದ್ದರು. ನಮಗೆಂದು ಆಕೆ ಬೇಯಿಸಿದ ಆಲೂಗಡ್ಡೆಗೆ ಹಳದಿ ಗೊಜ್ಜು ಸುರಿದು ಬೇರೆಯೇ ತಂದಿದ್ದಳು. ನಾನು ಕೇಳಿದೆ: ಮಾಂಸ ಇದೆಯಾ? ಮೀನು? ಕೋಳಿಯ ರಸ? ಅದೇ ಸೌಟು ಇದಕ್ಕೂ ತಾಗಿದೆಯಾ? ಆಕೆ ಎದೆಯ ಮೇಲೆ ಕೈಯಿಟ್ಟು, ಪಾತ್ರೆ, ಸೌಟು ಎಲ್ಲ ಹೊಸದು, ಮೊಟ್ಟೆಯನ್ನೂ ಬಿಟ್ಟಿದ್ದೇನೆ ಎಂದಳು.

ಶೇಂಗಾ ನನ್ನ ತಲೆಗೆ ಬರಲೇ ಇಲ್ಲ. ನಮ್ಮವರ ಅಡುಗೆಯಾದರೆ ಶೇಂಗಾದ ಭಯ, ಬೇರೆಯವರದಾದರೆ ಮಾಂಸದ ಭಯ. ಎರಡು ಭಯಗಳೂ ಒಂದೇ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ನೃತ್ಯದ ಕ್ಲಾಸಿಗೆ ಮಗಳು ಮನೆಯ ತಿಂಡಿಯನ್ನೇ ಒಯ್ಯುತ್ತಿದ್ದುದರಿಂದ ಪಕ್ಕದ ಮನೆಯಾಕೆಗೂ ವಿಷಯ ಗೊತ್ತಿರಲಿಲ್ಲ. ಅಮ್ಮ ಅಷ್ಟೆಲ್ಲ ಕೇಳಿದ್ದನ್ನು ನೋಡಿ ಮಗಳು ನಂಬಿಕೆಯಿಂದ ತಿಂದಳು.

"ಅಮ್ಮಾ, ಮೈ ಟಂಗ್ ಈಸ್ ಇಚಿ" ಎಂದಳು. ತುಟಿ ಆಗಲೇ ದಪ್ಪವಾಗುತ್ತಿತ್ತು.

"ಪೆನ್ ಎಲ್ಲೈತಿ? ಬ್ಯಾಗ್ ಕೊಡ ಲಗೂನ" ಎಂದ ನನ್ನ ಗಂಡ. ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಇಂಜೆಕ್ಷನ್ ಪೆನ್ನು ಸಿಕ್ಕಿತು, ಅದರ ಮುಚ್ಚಳ ನನ್ನ ಬೆರಳಿಗೆ ಬರಲೊಲ್ಲದು. ಅವನೇ ಕಸಿದುಕೊಂಡು ಅವಳ ತೊಡೆಗೆ ಒತ್ತಿ ಹಿಡಿದ. ಅವಳ ಎದೆಯಿಂದ ಸೀಟಿಯಂಥ ಸದ್ದು ಬರುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಪೆಟ್ಟಿಗೆಯ ತಾಳ ನಡೆದೇ ಇತ್ತು, ಜನ ಕುಣಿಯುತ್ತಲೇ ಇದ್ದರು. ಇವಳು ನನ್ನ ಕೈಯಲ್ಲೇ ಹೋಗಿಬಿಡುತ್ತಾಳೆ ಅನ್ನಿಸಿತು. ಅಂಥ ಹೆದರಿಕೆಯಲ್ಲಿ ದೇವರ ಹೆಸರೂ ಬಾಯಿಗೆ ಬರುವುದಿಲ್ಲ.

ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಉಸಿರು ಹದಕ್ಕೆ ಬಂತು. ಪಕ್ಕದ ಮನೆಯಾಕೆ ನೃತ್ಯದ ಲಂಗದಲ್ಲೇ, ಬರಿಗಾಲಲ್ಲೇ ಎಮರ್ಜೆನ್ಸಿಗೆ ಓಡಿ ಬಂದಿದ್ದಳು. ಗೊಜ್ಜು ಗಟ್ಟಿಯಾಗಲೆಂದು ಅವರಲ್ಲಿ ಶೇಂಗಾ ಅರೆದು ಹಾಕುತ್ತಾರಂತೆ. "ನೀನು ಅಷ್ಟೆಲ್ಲ ಕೇಳಿದೆಯಲ್ಲ" ಎಂದಳು. ದೂರುವ ದನಿ ಅಲ್ಲ; ಶೇಂಗಾ ಒಂದನ್ನು ನಾನೇಕೆ ಕೇಳಲಿಲ್ಲ ಎಂಬುದು ಅವಳಿಗೆ ಅರ್ಥವಾಗಿರಲಿಲ್ಲ, ಅಷ್ಟೆ. "ಇನ್ನು ನಿನ್ನ ಮಗಳಿಗೆ ನಾನು ನೀರನ್ನೂ ಕೊಡುವುದಿಲ್ಲ."

ಆಮೇಲೆ ಆಕೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಮಗಳು ಮಂಕಾದಳು. ಕೊನೆಗೆ ನಾನೇ ಹೋಗಿ ಆಕೆಯನ್ನು ಕೈಹಿಡಿದು ಕರೆತಂದೆ. ನನ್ನ ಅಡುಗೆಮನೆಯಲ್ಲಿ, ನನ್ನ ಡಬ್ಬಿಗಳಿಂದಲೇ, ಶೇಂಗಾ ಇಲ್ಲದೆ ಅದೇ ಗೊಜ್ಜು ಮಾಡಿಸಿದೆ. ಆಕೆ ಕೈಯಾಡಿಸಿದ್ದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದೆ.

ಮಗಳು ಫೋರ್ಕ್ ಎತ್ತಿಕೊಂಡಳು, ಆದರೆ ತಿನ್ನಲಿಲ್ಲ. ನನ್ನತ್ತ ತಿರುಗಿ, "ಅಮ್ಮಾ, ಡಿಡ್ ಯು ಆಸ್ಕ್?" ಎಂದಳು.

ಕೇಳಿದ್ದೆ. ಕಣ್ಣಾರೆ ನೋಡಿಯೂ ಇದ್ದೆ. ಆದರೂ ಹೂಂ ಅನ್ನುವ ಮೊದಲು ಆಕೆಯತ್ತ ತಿರುಗಿ ಮತ್ತೊಮ್ಮೆ ಕೇಳಿದೆ: ಶೇಂಗಾ ಇದೆಯಾ?