ಅಮ್ಮ ಬಿಟ್ಟ ಸೋಮವಾರದ ಊಟ

ಸೋಮವಾರ ರಾತ್ರಿ ಅಮ್ಮ ಊಟ ಮಾಡುವುದಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ನೋಡಿರುವುದು ಹಾಗೆಯೇ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಸೋಮವಾರ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಕೊರಳಲ್ಲಿ ಲಿಂಗ ಧರಿಸುವ ಮನೆಗಳಲ್ಲಿ ಸೋಮವಾರ ಯಾಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಶಿವನ ವಾರ, ಅಷ್ಟೇ.

ಆದರೆ ಉಳಿದವರು ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿದ್ದು ಸಂಜೆ ಪೂಜೆ ಮುಗಿಸಿ ಗಡದ್ದಾಗಿ ಉಣ್ಣುತ್ತಿದ್ದರು. ಅಮ್ಮ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಳು, ಮಧ್ಯಾಹ್ನ ರೊಟ್ಟಿ ಪಲ್ಯ ಉಣ್ಣುತ್ತಿದ್ದಳು, ರಾತ್ರಿ ಮಾತ್ರ ನಮಗೆಲ್ಲ ಬಡಿಸಿ ತಾನು ಒಂದು ಲೋಟ ನೀರು ಕುಡಿದು ಎದ್ದುಬಿಡುತ್ತಿದ್ದಳು. "ನಿಮ್ಮಮ್ಮಂದು ಉಲ್ಟಾ ಸೋಮವಾರ" ಎಂದು ಅಪ್ಪನ ತಂಗಿಯರು ಆಡಿಕೊಳ್ಳುತ್ತಿದ್ದರು. ಅಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ತವರು ದಾವಣಗೆರೆ ಕಡೆಯ ಪದ್ಧತಿ ಇರಬೇಕು ಎಂದು ಅಪ್ಪ ತೀರ್ಪು ಕೊಟ್ಟಿದ್ದರು. ಅಪ್ಪ ಲಿಂಗೈಕ್ಯರಾದ ಮೇಲೂ ಅಮ್ಮನ ಸೋಮವಾರ ನಡೆದೇ ಇತ್ತು.

ಕಳೆದ ವರ್ಷ ಅವಳ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಇನ್ಸುಲಿನ್ ಶುರುವಾಯಿತು. ಸಂಜೆ ಚುಚ್ಚಿಕೊಂಡ ತಕ್ಷಣ ಊಟ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಅದರಲ್ಲಿ ಅರ್ಧ ಮಾತನ್ನು ಮಾತ್ರ ನಡೆಸಿದಳು. ಮೊದಲ ಸೋಮವಾರ ನಾನು ಆಫೀಸಿನಿಂದ ಬಂದಾಗ ದೇವರ ದೀಪ ಉರಿಯುತ್ತಿತ್ತು. ಸೋಫಾದ ಮೇಲೆ ಅಮ್ಮ ವಾಲಿಕೊಂಡಿದ್ದಳು, ರವಿಕೆ ಬೆವರಿನಿಂದ ತೊಯ್ದು ಹೋಗಿತ್ತು. ನನ್ನನ್ನು ನೋಡಿ "ಅಕ್ಕಾ" ಎಂದಳು. ತನ್ನ ಮಗಳನ್ನೇ ಗುರುತು ಹಿಡಿಯದ ಆ ಕಣ್ಣುಗಳನ್ನು ನೋಡಿ ಅಡುಗೆಮನೆಗೆ ಓಡಿದೆ. ಸಕ್ಕರೆ ನೀರು ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಆಟೋದಲ್ಲಿ ವಿಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

"ಆಂಟಿ, ಹೀಗೆಲ್ಲ ಉಪವಾಸ ಮಾಡ್ಬೇಡಿ. ದೇವ್ರೇನೂ ಬೇಜಾರು ಮಾಡ್ಕೊಳಲ್ಲ" ಎಂದರು ಡಾಕ್ಟರು. ನನಗಿಂತ ಎಷ್ಟೋ ಚಿಕ್ಕ ಹುಡುಗಿ.

"ದೇವ್ರು ಮಾಡ್ಕೊಳಲ್ಲ ಕಣಮ್ಮ, ಗೊತ್ತು" ಎಂದಳು ಅಮ್ಮ. ಆ ಮಾತಿನ ಅರ್ಥ ನಮಗಿಬ್ಬರಿಗೂ ಹೊಳೆಯಲಿಲ್ಲ.

ಮರುವಾರ ಅವಳು ಹೊಸ ಉಪಾಯ ಮಾಡಿದಳು. ಊಟ ಬಿಡುವ ದಿನ ಇಂಜೆಕ್ಷನ್ನನ್ನೂ ಬಿಟ್ಟರಾಯಿತು ಎಂದುಕೊಂಡಳು. ಮಂಗಳವಾರ ಸಕ್ಕರೆ ಎಲ್ಲಿಗೋ ಏರಿ ಕೂತಿತ್ತು. ಎರಡೂ ತಪ್ಪಬಾರದು, ಹೀಗೇ ಹೋದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಖ ಗಂಟು ಹಾಕಿಕೊಂಡು ಹೇಳಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮನೆಗೆ ಬಂದವಳೇ ಚೀಲ ಎಸೆದು ಕೂಗಾಡಿದೆ. ನೀನು ಸತ್ತರೆ ಶಿವನಿಗೇನು ಸಿಗುತ್ತೆ, ನನಗೆ ಇನ್ನು ಯಾರಿದ್ದಾರೆ ಎಂದೆಲ್ಲ ಬಾಯಿಗೆ ಬಂದದ್ದನ್ನು ಅಂದೆ. ಅಮ್ಮ ಬೀನ್ಸ್ ಸೋಸುತ್ತಾ ಕೂತಿದ್ದಳು. ಬೈಗುಳ ಮುಗಿಯಿತೋ ಇಲ್ಲವೋ ಎಂದು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಸೋಸಲು ತೊಡಗಿದಳು.

ನಮ್ಮಲ್ಲಿ ಇಂಥದಕ್ಕೊಂದು ದಾರಿಯಿದೆ. ಹಿಡಿದ ವ್ರತ ನಡೆಸಲಾಗದಿದ್ದರೆ ಗುರುಗಳಾದ ಅಯ್ಯನವರನ್ನು ಮನೆಗೆ ಕರೆದು, ಪಾದಪೂಜೆ ಮಾಡಿ, ಊಟಕ್ಕೆ ಬಡಿಸಿ ಅಪ್ಪಣೆ ಕೇಳುತ್ತೇವೆ. ಅವರು ಬಿಡು ಎಂದರೆ ಶಿವನೇ ಬಿಡು ಎಂದ ಹಾಗೆ. ಸುಂಕದಕಟ್ಟೆಯಲ್ಲಿರುವ ನಮ್ಮ ಅಯ್ಯನವರಿಗೆ ಫೋನ್ ಮಾಡಿ ವಿಷಯವನ್ನೆಲ್ಲ ಹೇಳಿಟ್ಟೆ. ಮೂರನೆಯ ಸೋಮವಾರ ರಜೆ ಹಾಕಿ ಹೋಳಿಗೆ ಮಾಡಿದೆ. ಮಧ್ಯಾಹ್ನ ಅವರು ಬಂದರು. ಅಮ್ಮ ಬಾಗಲಾರದ ಸೊಂಟವನ್ನು ಬಾಗಿಸಿ ಅವರ ಪಾದ ತೊಳೆದಳು, ತಾನೇ ನಿಂತು ಬಡಿಸಿದಳು. ಊಟವಾದ ಮೇಲೆ ಅಯ್ಯನವರು ಗಂಟಲು ಸರಿಮಾಡಿಕೊಂಡರು.

"ತಾಯಿ, ಇಷ್ಟು ವರ್ಷ ನಡೆಸಿದ್ದೀರಿ. ಶಿವ ತೃಪ್ತನಾಗಿದ್ದಾನೆ. ಇವತ್ತಿಂದ ಸೋಮವಾರ ರಾತ್ರಿ ಊಟ ಮಾಡಿ. ನಾನು ಅಪ್ಪಣೆ ಕೊಡ್ತಾ ಇದೀನಿ."

ಅಮ್ಮ ಕೈಮುಗಿದಳು. "ತಪ್ಪು ತಿಳ್ಕೋಬೇಡಿ ಬುದ್ಧಿ. ಇದು ಶಿವಂದಲ್ಲ."

ಅಮ್ಮ ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದಳು. ಅವಳು ಚಿಕ್ಕವಳಿದ್ದಾಗ ಗಡಿಯಲ್ಲಿ ಯುದ್ಧವಾಯಿತು. ದೇಶದಲ್ಲಿ ಅಕ್ಕಿ ಗೋಧಿ ಸಾಲದು, ಹೊರಗಿನಿಂದ ಹಡಗಿನಲ್ಲಿ ಬಂದರೆ ಉಂಟು ಎನ್ನುವಂಥ ಕಾಲ. ಆಗ ಪ್ರಧಾನಿಯಾಗಿದ್ದವರು ವಾರಕ್ಕೊಂದು ಹೊತ್ತು, ಸೋಮವಾರದ ರಾತ್ರಿ, ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಅಮ್ಮನ ತಂದೆ ರೇಡಿಯೋದಲ್ಲಿ ಕೇಳಿ ಬಂದು, ಇನ್ನು ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುವುದಿಲ್ಲ ಎಂದರು. ಅಮ್ಮ ಆ ನಾಯಕರ ಹೆಸರು ಹೇಳಲಿಲ್ಲ. ಗುರುವಿನ ಹೆಸರನ್ನು ಬಾಯಲ್ಲಿ ಆಡಬಾರದು ಎನ್ನುವ ಹಾಗೆ ಉದ್ದಕ್ಕೂ 'ಅವರು' ಎಂದಳು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

"ಎಲ್ರೂ ಅವರನ್ನ ಯುದ್ಧದ ಜೊತೆ ನೆನೆಸ್ಕೋತಾರೆ ಬುದ್ಧಿ. ಸೈನ್ಯ, ಗಡಿ, ಘೋಷಣೆ. ನಮ್ಮಪ್ಪ ಅವರಲ್ಲಿ ಬೇರೆ ಏನೋ ಕಂಡಿದ್ರು. ಮೊದ್ಲು ತಮ್ಮ ಮನೇಲಿ ಹೆಂಡತಿ ಮಕ್ಕಳ ಜೊತೆ ಒಂದು ರಾತ್ರಿ ಊಟ ಬಿಟ್ಟು ನೋಡಿದ್ರಂತೆ. ಮಕ್ಕಳು ತಡ್ಕೋತಾರೆ ಅಂತ ಗೊತ್ತಾದ್ಮೇಲೇ ದೇಶಕ್ಕೆ ಹೇಳಿದ್ರಂತೆ. ಅದನ್ನ ಕೇಳಿ ನಮ್ಮಪ್ಪ, ಇವರು ದೊರೆ ಅಲ್ಲ, ಶರಣ ಅಂದ್ರು. ಎರಡು ಹೊತ್ತು ಲಿಂಗಪೂಜೆ ಮಾಡೋರು ನಮ್ಮಪ್ಪ. ಸುಲಭಕ್ಕೆ ಯಾರನ್ನೂ ಶರಣ ಅಂದೋರಲ್ಲ."

"ಯಾರೂ ಬಂದು ನೋಡ್ತಿರಲಿಲ್ಲ" ಎಂದು ಅಮ್ಮ ಮುಂದುವರಿಸಿದಳು. " ಬಾಗಿಲು ಹಾಕ್ಕೊಂಡು ಉಂಡಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಅದಕ್ಕೇ ಅದು ಪೂಜೆ ಅಂತಿದ್ರು ನಮ್ಮಪ್ಪ. ಅಷ್ಟು ದೊಡ್ಡ ಕುರ್ಚಿಲಿ ಕೂತು, ಯುದ್ಧದ ನಡುವೆ, ಅವರು ಜನರ ಹತ್ರ ಕೇಳಿದ್ದು ಅಂಥ ಪೂಜೇನ."

"ಮತ್ತೆ ನಮಗ್ಯಾಕೆ ಹೇಳಲಿಲ್ಲ?" ಎಂದೆ. ಅಯ್ಯನವರ ಮುಂದೆ ದನಿ ಏರಿಸಬಾರದು ಎನ್ನುವುದೂ ಮರೆತುಹೋಗಿತ್ತು.

"ಯಾರು ಕೇಳಿದ್ರೇ? ಮದುವೆಯಾಗಿ ಬಂದಾಗ ನಿನ್ನಜ್ಜಿ, ಸೊಸೆ ಸೋಮವಾರ ಹಿಡೀತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರು. ಒಬ್ಬ ಮಂತ್ರಿ ಮಾತಿಗೆ ಅಂದಿದ್ರೆ ಬಾಯಿಗೆ ತುರುಕಿ ಉಣ್ಣಿಸ್ತಿದ್ರು."

ನಗು ಬರಬೇಕಿತ್ತು, ಬರಲಿಲ್ಲ. ನಮ್ಮ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಕೈಮುಗಿದು ಹಲ್ಲು ಕಿರಿಯುವ ಮುಖಗಳನ್ನು ನೋಡಿ ನೋಡಿ ನನಗೆ ನಾಯಕರೆಂದರೆ ವಾಕರಿಕೆ. ಒಬ್ಬ ನಾಯಕ ಕೇಳಿದ ಎಂದು ನನ್ನ ತಾಯಿ ಜೀವಮಾನವಿಡೀ ವಾರಕ್ಕೊಂದು ರಾತ್ರಿ ಹಸಿದು ಮಲಗಿದ್ದಾಳೆ ಎಂಬುದನ್ನು ನಂಬುವುದೇ ಕಷ್ಟವಾಯಿತು. ಆ ಯುದ್ಧ ಮುಗಿದು ಎಷ್ಟು ಕಾಲವಾಯಿತು, ಈಗ ಅಕ್ಕಿ ಮೂಟೆಗಟ್ಟಲೆ ಬಿದ್ದಿದೆ, ಇನ್ನೂ ಯಾಕೆ ಎಂದು ಕೇಳಿದೆ.

"ಯುದ್ಧ ಆದ್ಮೇಲೆ ಶಾಂತಿ ಮಾತುಕತೆಗೆ ಅಂತ ಬೇರೆ ದೇಶಕ್ಕೆ ಹೋದೋರು ಅಲ್ಲೇ ತೀರ್ಕೊಂಡ್ರು ಕಣೇ. ಊಟ ಬಿಡಿ ಅಂದೋರು, ಇನ್ನು ಸಾಕು ಉಣ್ಣಿ ಅಂತ ಹೇಳೋಕೆ ವಾಪಸ್ ಬರಲಿಲ್ಲ. ಒಂದೊಂದೇ ಮನೇಲಿ ಬಿಟ್ರು. ನಮ್ಮಣ್ಣಂದಿರೂ ಬಿಟ್ರು. ನಮ್ಮಪ್ಪ ಬಿಡಲಿಲ್ಲ, ನಾನು ಬಿಡಲಿಲ್ಲ. ಈಗ ದೇಶದಲ್ಲಿ ಇನ್ಯಾರು ಇಟ್ಕೊಂಡಿದಾರೋ ನಂಗೊತ್ತಿಲ್ಲ. ನಾನೂ ಉಂಡರೆ ಅವರ ಮಾತು ಅಲ್ಲಿಗೆ ಮುಗೀತು."

ಅಯ್ಯನವರು, "ಶಿವನ ಪರವಾಗಿ ನಾನು ಹೇಳಬಲ್ಲೆ ತಾಯಿ. ಅವರ ಪರವಾಗಿ ಹೇಳೋಕೆ ನಂಗೆ ಅಧಿಕಾರ ಇಲ್ಲ" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಮ್ಮನ ಮೇಲೆ, ಅಯ್ಯನವರ ಮೇಲೆ, ಎಂದೋ ತೀರಿಕೊಂಡ 'ಅವರ' ಮೇಲೆ. "ಹಾಗಾದ್ರೆ ನಿನ್ನ ಬದಲು ನಾನು ಬಿಡ್ತೀನಿ! ಸಾಯೋವರೆಗೂ ಬಿಡ್ತೀನಿ! ನೀನು ಉಣ್ಣು!" ಎಂದು ಕಿರುಚಿದೆ.

ಅಮ್ಮ ನನ್ನನ್ನೇ ನೋಡಿದಳು. "ಸಿಟ್ಟಲ್ಲಿ ಅಂದಿದ್ದು ಸಂಕಲ್ಪ ಆಗಲ್ಲ. ಅವರು ನಿನಗೆ ಯಾರು?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಯಾರೂ ಅಲ್ಲ. ನಂಗೆ ನೀನು ಬೇಕಮ್ಮ, ಅಷ್ಟೇ. ನೀನು ಉಣ್ಣಬೇಕು" ಎಂದೆ. ಅಯ್ಯನವರ ಎದುರಿಗೇ ಮಗುವಿನ ಹಾಗೆ ಅತ್ತುಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಾ ಕೂತಳು. "ಅವರೂ ಅದಕ್ಕೇ ಕೇಳಿದ್ದು" ಎಂದಳು ಕೊನೆಗೆ. "ಯಾರೋ ಒಬ್ಬರು ಉಣ್ಣಲಿ ಅಂತ."

ಅಯ್ಯನವರು ವಿಭೂತಿಯ ಗಟ್ಟಿಯನ್ನು ಅಮ್ಮನ ಕೈಗೆ ಕೊಟ್ಟರು. ಬಿಡಿಸುವುದಕ್ಕೆ ತಮಗೆ ಅಧಿಕಾರವಿಲ್ಲ, ಅದನ್ನು ಮಗಳಿಗೆ ಒಪ್ಪಿಸಿಕೊಡುವುದಾದರೆ ಸಾಕ್ಷಿಯಾಗಿ ಕೂರಬಲ್ಲೆ ಎಂದರು. ಅಮ್ಮ ನನ್ನ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಮಂತ್ರವನ್ನೇನೂ ಹೇಳಲಿಲ್ಲ. "ಇನ್ನು ನಿನ್ನದು" ಎಂದಳು.

ಸಂಜೆ ಇಂಜೆಕ್ಷನ್ ಕೊಟ್ಟು ಅಮ್ಮನಿಗೆ ತಟ್ಟೆ ಇಟ್ಟೆ. ಅನ್ನ, ಬೇಳೆ ಸಾರು, ಬೀನ್ಸ್ ಪಲ್ಯ. ಅವಳು ಕಲಸಿದಳು, ಕಲಸುತ್ತಲೇ ಇದ್ದಳು. ಮೊದಲ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಎದುರಿಗೆ ಕೂತಿದ್ದೆ. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ತಲೆ ಸಿಡಿಯುತ್ತಿತ್ತು. ಕಾಫಿ ಸ್ವಲ್ಪ ತಡವಾದರೆ ಮನೆಯನ್ನೇ ಎತ್ತಿ ಕುಕ್ಕುವವಳು ನಾನು. ಅಡುಗೆಮನೆ ಕೈಯಳತೆಯಲ್ಲಿತ್ತು. ತಿನ್ನಬೇಡ ಎಂದು ಹೇಳುವವರು ಯಾರೂ ಇರಲಿಲ್ಲ. ಆದರೂ ಏಳಲಿಲ್ಲ, ಯಾಕೆ ಎಂದು ಕೇಳಿದರೆ ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಅಮ್ಮ ಕಣ್ಣೊರೆಸಿಕೊಂಡು ಎಲ್ಲವನ್ನೂ ಉಂಡಳು.

"ಹಸಿವಾಗ್ತಿದೆಯೇನೇ?" ಎಂದು ಕೇಳಿದಳು.

"ತುಂಬಾ" ಎಂದೆ.

ತಟ್ಟೆಯಲ್ಲಿ ಉಳಿದಿದ್ದ ಅಗುಳುಗಳನ್ನು ಬೆರಳಿನಿಂದ ಒಟ್ಟುಮಾಡುತ್ತಾ ಅವಳು ಹೇಳಿದಳು: "ಅವರಿಗೂ ಆಗಿತ್ತು ಕಣೇ."