ಅಜ್ಜನ ಗಡ್ಡಕ್ಕೆ ತಂದ ಬ್ರಷ್ಷು

ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ಹೊಸ ಶೇವಿಂಗ್ ಬ್ರಷ್ಷನ್ನು ಮೊದಲ ಸಲ ಬಿಸಿನೀರಿನಲ್ಲಿ ಅದ್ದಿದರೆ ಮಳೆಯಲ್ಲಿ ನೆಂದ ಕುರಿಯ ವಾಸನೆ ಬರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ಮೊನ್ನೆ ನನ್ನ ಗಂಡ ಅಗ್ಗದ್ದೊಂದು ತರಿಸಿಕೊಂಡು, "ಏನೋ ನಾರಾಕತ್ತೈತಿ, ಬಾ ಇಲ್ಲಿ" ಎಂದು ಬಚ್ಚಲಿನಿಂದಲೇ ಕರೆದ. ನಾನು ಬಾಗಿಲಲ್ಲಿ ನಿಂತು ಒಮ್ಮೆ ಮೂಸಿದೆ, ಅಷ್ಟೇ. ಕೊಟ್ಟೂರಿನ ನಮ್ಮ ಹಳೇ ಮನೆಯ ಪಡಸಾಲೆ, ಅದರ ಕಂಬಕ್ಕೆ ನೇತುಹಾಕಿದ ಕನ್ನಡಿ, ಕನ್ನಡಿಯ ಕೆಳಗೆ ಮಣೆ ಹಾಕಿ ಕೂತ ಅಜ್ಜ, ಎಲ್ಲ ಒಟ್ಟಿಗೇ ಎದುರು ಬಂದವು. ವಾಸನೆ ನೆನಪನ್ನು ಎಬ್ಬಿಸುತ್ತದೆ ಎಂಬ ಮಾತನ್ನು ಸುಲಭಕ್ಕೆ ಒಪ್ಪುವವಳಲ್ಲ ನಾನು. ಪುರಾವೆ ಕೇಳುವ ಅಭ್ಯಾಸ. ಈ ಸಲ ಪುರಾವೆ ನಾನೇ ಆಗಿಬಿಟ್ಟೆ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ನಾವೇ ಕೆಡವಿದೆವು. ನಿಮ್ಮದೂ ಒಂದು ಮನೆ ಹೀಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಕೋಣೆಗಳ ಅಳತೆ ಬೇಗ ಮರೆತುಹೋಗುತ್ತದೆ, ಯಾರು ಎಲ್ಲಿ ಕೂರುತ್ತಿದ್ದರು ಎಂಬುದು ಮರೆಯುವುದಿಲ್ಲ.

ಅಜ್ಜ ಜೋಳ, ಶೇಂಗಾ ಬೆಳೆದ ಮನುಷ್ಯ. ವಯಸ್ಸಾದಂತೆ ಬೆರಳಿನ ಗಂಟುಗಳು ಬಿಗಿದು ಅವರ ಎರಡೂ ಕೈ ಅರ್ಧ ಮುಷ್ಟಿಯಲ್ಲೇ ನಿಂತುಬಿಟ್ಟಿದ್ದವು. ದಪ್ಪ ಹಿಡಿ ಇದ್ದರೆ ಹಿಡಿಯಬಲ್ಲರು, ಅಂಗೈ ಬಿಚ್ಚಲಾರರು. ಅಂಗಿಯ ಗುಂಡಿ ಅಜ್ಜಿಯೇ ಹಾಕಬೇಕು, ರೊಟ್ಟಿ ಅಜ್ಜಿಯೇ ಮುರಿದು ಕೊಡಬೇಕು. ಅವರ ಪಾಲಿಗೆ ಉಳಿದಿದ್ದು ಕ್ಷೌರವೊಂದೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆಗೆ ಮೊದಲು ತಮ್ಮ ಗಡ್ಡ ತಾವೇ ಕೆರೆದುಕೊಳ್ಳುತ್ತಿದ್ದರು. "ಇದೊಂದರ ನನ್ನ ಕೈಯಾಗ ಇರ್ಲಿ ಬಿಡ್ರಿ. ಇದೂ ಹೋತಂದ್ರ ನಾನೂ ಮೂಲ್ಯಾಗಿನ ಶೇಂಗಾಚೀಲಾನೂ ಒಂದಾ" ಎನ್ನುತ್ತಿದ್ದರು. ತೊಂದರೆಯೆಂದರೆ ಅವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಮನೆಯಲ್ಲಿದ್ದ ನೈಲಾನ್ ಬ್ರಷ್ಷು ಕಸಬರಿಗೆಯಂತೆ ಗೀರಿ ನೊರೆಯೆಲ್ಲ ಕೆಂಪಾಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಅವರು ಗಡ್ಡ ಬಿಟ್ಟರು. ದಾರಿಯಲ್ಲಿ ಸಿಕ್ಕವರು "ಯಾರರ ತೀರಿಕೊಂಡ್ರೇನ್ರಿ?" ಎಂದು ಕೇಳತೊಡಗಿದ ಮೇಲೆ ಸಂಜೆ ಕಟ್ಟೆಗೆ ಹೋಗುವುದನ್ನೂ ಬಿಟ್ಟರು.

ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ಆಗ ಈ ಬ್ರಷ್ಷು ತಂದ. ರಟ್ಟಿನ ಡಬ್ಬಿಯ ಮೇಲೆ ಕಪ್ಪುಬಿಳಿ ಮುಖದ ಗಿಡ್ಡ ಪ್ರಾಣಿಯೊಂದರ ಚಿತ್ರ. "ಫಾರಿನ್ ಪ್ರಾಣಿ ಕೂದಲ ಇದು ಅಪ್ಪಾ, ರೇಷ್ಮಿ ಇದ್ದಂಗ ಐತಿ. ತುಟ್ಟೀವೂ ಅದಾವ, ಇದು ನಮ್ಮಂಥಾರಿಗೆ." ಆ ವರ್ಷ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದಿದ್ದ ನಾನು ಸುಮ್ಮನಿರಬೇಕಲ್ಲ. "ಇಷ್ಟು ಅಗ್ಗಕ್ಕ ಕೊಡ್ತಾರಂದ್ರ ಖರೇದಲ್ಲ ಕಾಕಾ. ಹಂದಿ ಕೂದಲಿರಬೇಕು" ಎಂದೆ. ಕಾಕಾ ಅಡುಗೆಮನೆ ಕಡೆ ನೋಡಿ, "ಲೇ, ಮೆಲ್ಲಕ. ಅದರ ಹೆಸರು ಕೇಳಿದ್ರ ನಿಮ್ಮಜ್ಜಿ ನನ್ನನ್ನೂ ಬ್ರಷ್ಷನ್ನೂ ಕೂಡೇ ಹೊರಗ ಹಾಕ್ತಾಳ" ಎಂದ. ನಾನು ಒಂದು ಕೂದಲು ಕಿತ್ತು ದೀಪಕ್ಕೆ ಹಿಡಿದೆ. ಸುಟ್ಟ ಕೂದಲಿನ ವಾಸನೆಯೇ ಬಂತು. ಅದು ಪ್ಲಾಸ್ಟಿಕ್ ಅಲ್ಲ ಎಂದಷ್ಟೇ ಇದರಿಂದ ಸಾಬೀತಾಯಿತು, ಯಾವ ಪ್ರಾಣಿಯದು ಎಂದಲ್ಲ. "ಇವಳ್ನ ಲಗ್ನ ಮಾಡಿಕೊಳ್ಳಾವ ವಕೀಲನ್ನ ಕರಕೊಂಡಾ ಬರಬೇಕು" ಎಂದರು ಅಜ್ಜ. ಬಹಳ ದಿನಗಳ ಮೇಲೆ ಅವರು ನಕ್ಕಿದ್ದು ಅವತ್ತೇ.

ಮರುದಿನ ಪರೀಕ್ಷೆ. ಅದ್ದಿದ ಕೂಡಲೇ ಆ ಕುರಿವಾಸನೆ ಪಡಸಾಲೆಯ ತುಂಬ ಹರಡಿತು. ನೀರಿನಲ್ಲಿ ಒಂದಿಷ್ಟು ಕೂದಲು ಉದುರಿ ತೇಲಿದವು. ಅಗ್ಗದ ಮಾಲು, ಒಪ್ಪಲೇಬೇಕು. ಆದರೆ ಸಾಬೂನಿನ ಮೇಲೆ ತಿರುವಿದಾಗ ಎದ್ದ ನೊರೆ ಹಾಲಿನ ಕೆನೆಯಷ್ಟು ದಟ್ಟವಾಗಿತ್ತು. ಅಜ್ಜ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೆನ್ನೆಗೆ ತಾಗಿಸಿ, ನೋವಿಗೆ ಕಾಯುವವರಂತೆ ಕಣ್ಣು ಮುಚ್ಚಿದರು. ನೋವು ಬರಲಿಲ್ಲ. "ಬೆಕ್ಕಿನ ಮರಿ ಬಂದು ಮಾರಿ ಒರಸಿದಂಗಾತಲೇ" ಎಂದರು. ಅಂದು ಒಂದು ಹನಿ ರಕ್ತವಿಲ್ಲದೆ ಕ್ಷೌರ ಮುಗಿಯಿತು. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿಯ ಅಂಗಿ ಕೇಳಿ ಹಾಕಿಸಿಕೊಂಡು, ಸಂಜೆಗೂ ಕಾಯದೆ ಕಟ್ಟೆಗೆ ಹೊರಟು ನಿಂತರು.

ಅಷ್ಟರಲ್ಲಿ ಬೀರಪ್ಪ ಬಂದ. ಬೇಸಿಗೆಯಲ್ಲಿ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುವವನು ಅವನು; ಅದಕ್ಕೆ ಕೊಡುವ ಜೋಳ ಒಯ್ಯಲು ಬಂದಿದ್ದ. ಜಗಲಿಯ ಮೇಲೆ ಒಣಗಲಿಟ್ಟಿದ್ದ ಬ್ರಷ್ಷಿನ ಪಕ್ಕದ ಡಬ್ಬಿಯನ್ನು ಎತ್ತಿ ಚಿತ್ರ ನೋಡಿದವನು ಅದನ್ನು ಹಾಗೇ ಕೆಳಗಿಟ್ಟ. "ಯಜಮಾನ್ರ, ಇದು ತರಕರಡಿ. ಇದರ ಕೂದಲ ಮಾರಿಗಿ ಹಚ್ಚಿಗೊಂಡ್ರೇನ್ರಿ? ಹೆಣಾ ಹೂತ ಕುಣಿ ಕೆದರೋ ಪ್ರಾಣಿ ಇದು. ಹೊಸಾದಾಗಿ ಹೂತಲ್ಲಿ ಹುಡುಕ್ಕೋಂತ ಬರ್ತೈತಿ." ಜೋಳ ಅಳೆದು ಕೊಡಲು ಬಂದ ಅಜ್ಜಿ ಬಾಗಿಲಲ್ಲೇ ನಿಂತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅಜ್ಜಿ ಬಂದು, ಬ್ರಷ್ಷನ್ನೂ ಡಬ್ಬಿಯನ್ನೂ ಸೆರಗಿನ ತುದಿಯಲ್ಲಿ ಹಿಡಿದು, ಅಂಗಳ ದಾಟಿ ಬೇಲಿಯಾಚೆ ಇಟ್ಟು ಬಂದು ಕೈ ತೊಳೆದರು.

ನಾನು ವಾದಕ್ಕೆ ನಿಂತೆ. ಡಬ್ಬಿಯ ಮೇಲಿನ ಪ್ರಾಣಿಯ ಕಪ್ಪುಗೆರೆ ಮುಖದಲ್ಲಿದೆ, ನಮ್ಮ ಕಡೆಯ ಕುರುಚಲು ಕಾಡಿನ ತರಕರಡಿಗೆ ಬಿಳುಪು ಇರುವುದು ಬೆನ್ನ ಮೇಲೆ. ಇದು ಬೇರೆ ದೇಶದ್ದು, ನಮ್ಮ ಸೀಮೆಯ ಮಣ್ಣನ್ನೇ ತುಳಿದಿಲ್ಲ. ಇನ್ನು ತರಕರಡಿ ಕುಣಿ ಕೆದರಿದ್ದನ್ನು ಕಣ್ಣಾರೆ ಕಂಡವರು ಯಾರು, ಹೇಳಲಿ. ಬೀರಪ್ಪ ತಲೆ ಕೆರೆದುಕೊಂಡು "ನಾ ಕಂಡಿಲ್ಲವ್ವ. ಅಂತಾರ" ಎಂದ. ಗೆದ್ದೆ ಎಂದುಕೊಂಡೆ. ಅಜ್ಜಿ ಹೊಸ್ತಿಲ ಮೇಲೆ ಕೂತು ಹೇಳಿದರು. ಅವರ ಮೊದಲ ಕೂಸು ಹೆಣ್ಣಂತೆ. ಇನ್ನೂ ಅಂಬೆಗಾಲಿಡುವಾಗ ಜ್ವರ ಬಂದು ತೀರಿಹೋಯಿತಂತೆ. ಕೋಗಳಿಗೆ ಹೋಗುವ ಹಾದಿಯ ನಮ್ಮ ಹೊಲದ ಬದುವಿನಲ್ಲಿ ಹೂತು ಮೇಲೆ ಮುಳ್ಳು ಹೇರಿದ್ದರಂತೆ. ಮರುದಿನ ಅಜ್ಜಿ ಅಲ್ಲಿ ಹಾಲು ಎರೆಯಲು ಹೋದಾಗ ಮುಳ್ಳು ಅತ್ತ ಸರಿದಿತ್ತು, ಕುಣಿ ತೆರೆದಿತ್ತು. ಆ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅಂಥದ್ದೊಂದು ಕೂಸು ಇತ್ತೆಂಬುದೇ ಗೊತ್ತಿರಲಿಲ್ಲ. "ಯಾವ ಪ್ರಾಣಿ ಅಂತ ನಾನೂ ಕಂಡಿಲ್ಲ ತಂಗಿ. ನೀ ಹೇಳೋದು ಖರೇನಾ ಇರಬೌದು" ಎಂದರು ಅಜ್ಜಿ. "ಆದ್ರ ದಿನಾ ಮುಂಜಾನಿ ಎದ್ದು ಇವರ ಮಾರಿ ನೋಡಾಕಿ ನಾನು."

ಎಲ್ಲರೂ ಅಜ್ಜನ ಕಡೆ ನೋಡಿದೆವು. ಬ್ರಷ್ಷು ಬೇಕು ಎಂದು ಅವರು ಒಂದು ಮಾತು ಆಡಿದ್ದರೆ ನಾನು ಓಡಿಹೋಗಿ ಬೇಲಿಯಾಚೆಯಿಂದ ತರುತ್ತಿದ್ದೆ. ಅವರು ನುಣ್ಣಗಿನ ತಮ್ಮ ಗದ್ದವನ್ನು ಮುಷ್ಟಿಯ ಬೆನ್ನಿನಿಂದ ಸವರಿಕೊಂಡರು. ಆಮೇಲೆ "ಬೀರಪ್ಪಗ ಜೋಳ ಹಾಕು, ಹೊತ್ತಾಗತೈತಿ" ಎಂದು ಅಜ್ಜಿಗೆ ಹೇಳಿ ಕಟ್ಟೆಗೆ ನಡೆದರು.

ಮತ್ತೆ ಗಡ್ಡ ಬೆಳೆಯುತ್ತದೆ ಎಂದು ನಾನು ಊಹಿಸಿದ್ದೆ. ಮರುದಿನ ಬೆಳಿಗ್ಗೆ ಅಜ್ಜ ಕನ್ನಡಿಯ ಮುಂದೆ ಕೂತು, ಅತ್ತಿತ್ತ ನೋಡದೆ, "ಏನ, ಬಾ ಇಲ್ಲಿ" ಎಂದು ಅಜ್ಜಿಯನ್ನು ಕರೆದರು. ಅಜ್ಜಿ ಬಂದು ಎದುರು ಕುಕ್ಕರುಗಾಲಿನಲ್ಲಿ ಕೂತು, ಸಾಬೂನನ್ನು ಅಂಗೈಯಲ್ಲಿ ಉಜ್ಜಿ ನೊರೆ ಮಾಡಿ ಅವರ ಕೆನ್ನೆಗೆ ಹಚ್ಚಿದರು. ದಪ್ಪ ಹಿಡಿಯ ರೇಜರು ಮಾತ್ರ ಅಜ್ಜನ ಕೈಯಲ್ಲಿ. ಆ ಮನೆಯಲ್ಲಿ ಅವರಿಬ್ಬರು ಒಂದು ಚಾಪೆಯ ಮೇಲೆ ಒಟ್ಟಿಗೆ ಕೂತದ್ದನ್ನೂ ನಾನು ಕಂಡಿರಲಿಲ್ಲ. ಕಾಕಾ ಊರಿಗೆ ಬಂದಾಗಲೆಲ್ಲ "ಸಲೂನ್ ಭಾರಿ ನಡಿಯಾಕತ್ತೈತಿ" ಎಂದು ಕೆಣಕಿದರೆ ಅಜ್ಜಿ ನೊರೆಯ ಕೈ ಎತ್ತಿ, "ಬಾ, ನಿನಗೂ ಹಚ್ತೀನಿ" ಎನ್ನುತ್ತಿದ್ದರು. ತಮ್ಮ ಕೈಯಲ್ಲಿ ಉಳಿದಿದ್ದ ಒಂದೇ ಕೆಲಸದ ಅರ್ಧವನ್ನು ಅಜ್ಜ ಹೀಗೆ ಬಿಟ್ಟುಕೊಟ್ಟರು. ಅದನ್ನು ಸೋಲು ಎಂದು ಅವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

ಕೆಲವು ವರ್ಷಗಳ ನಂತರ ಅಜ್ಜ ಲಿಂಗೈಕ್ಯರಾದರು. ಆ ಕೂಸನ್ನು ಹೂತಿದ್ದ ಹೊಲದಲ್ಲೇ ಅವರನ್ನು ಕೂರಿಸಿ ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅಜ್ಜಿ ಪಡಸಾಲೆಯಲ್ಲಿದ್ದರು. ಸಣ್ಣ ಚೆಂಬಿನಲ್ಲಿ ನೀರು ಕಾದಿತ್ತು. ಅಂಗೈ ತುಂಬ ನೊರೆ. ಎದುರಿನ ಮಣೆ ಖಾಲಿ. "ರೂಢಿ ನೋಡವ್ವ" ಎಂದರು. ನಾನು ಕೈಗೆ ನೀರು ಹಾಕಲು ಚೆಂಬು ಎತ್ತಿದೆ. ಅವರು ಬೇಡವೆಂದು ತಲೆಯಾಡಿಸಿ, ಆ ಕೈಯನ್ನು ಹಾಗೇ ಮುಂದೆ ಹಿಡಿದು ಕೂತರು, ನೊರೆ ಒಣಗಿ ಅಂಗೈಯ ಗೆರೆಗಳು ಮತ್ತೆ ಕಾಣುವವರೆಗೆ.